ಮಣ್ಣಿನ ಮನೆಗಳ ಶಿಲ್ಪಿ ಹಸನ್ ಫಾತಿ

ಮಕ್ಕಳೇ, ಬೇಸಿಗೆಯ ಮಧ್ಯಾಹ್ನ ತಾರಸಿ ಮನೆಯೊಳಗೆ ಕುಳಿತರೆ ಸೆಕೆಯಿಂದ ಮೈ ಬೆವರುತ್ತದೆ, ಅಲ್ಲವೇ? ಅದೇ ಹೊತ್ತಿನಲ್ಲಿ ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗೆ ಹೋಗಿ ನೋಡಿ, ತಂಪೆನಿಸುತ್ತದೆ. ಆದರೂ ಮಣ್ಣಿನ ಮನೆ ಎಂದರೆ ಬಡವರ ಮನೆ ಎಂಬ ಭಾವನೆ ಹಲವರಲ್ಲಿದೆ. ಈ ಭಾವನೆಯನ್ನು ಬದಲಿಸಲು ಶ್ರಮಿಸಿದ ಒಬ್ಬರ ಕಥೆಯನ್ನು ತಿಳಿಯೋಣ.

ಹಸನ್ ಫಾತಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 1900ರಲ್ಲಿ ಜನಿಸಿದರು. ಕೈರೋದಲ್ಲಿ ಓದಿ 1926ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕು, ಮರ ಸಿಗದಾದವು. ಗೋಡೆಗೇನೋ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ ಸಾಕು. ಚಾವಣಿಗೆ ಏನು ಮಾಡುವುದು? ಕಮಾನು ಕಟ್ಟುವಾಗ ಕೆಳಗೆ ಮರದ ಆಧಾರ ಬೇಕು. ಆಧಾರವಿಲ್ಲದೆ ಫಾತಿಯವರು ಕಟ್ಟಿಸಿದ ಕಮಾನುಗಳು ಕುಸಿದುಬಿದ್ದವು.

ಉತ್ತರ ಸಿಕ್ಕಿದ್ದು ಹಳ್ಳಿಗರ ಬಳಿ. ಆಸ್ವಾನ್ ಸುತ್ತಮುತ್ತಲಿನ ನೂಬಿಯಾದ ಗಾರೆ ಕೆಲಸದವರು ಮರದ ಆಧಾರವೇ ಇಲ್ಲದೆ ಕಮಾನು ಕಟ್ಟುತ್ತಿದ್ದರು. ಹೇಗೆ ಗೊತ್ತೇ? ಮೊದಲ ಇಟ್ಟಿಗೆ ಸಾಲನ್ನು ಹಿಂದಿನ ಗೋಡೆಗೆ ಓರೆಯಾಗಿ ಒರಗಿಸುತ್ತಿದ್ದರು. ಮುಂದಿನ ಪ್ರತಿ ಸಾಲೂ ತನ್ನ ಹಿಂದಿನ ಸಾಲಿಗೆ ಒರಗಿ ನಿಲ್ಲುತ್ತಿತ್ತು. ಫಾತಿ ಆ ಕೆಲಸಗಾರರನ್ನೇ ಕರೆಸಿಕೊಂಡರು.

1945ರಲ್ಲಿ ಸರ್ಕಾರ ಅವರಿಗೆ ದೊಡ್ಡ ಕೆಲಸ ವಹಿಸಿತು. ಲಕ್ಸರ್ ಬಳಿಯ ಗೂರ್ನಾ ಊರು ಪ್ರಾಚೀನ ಸಮಾಧಿಗಳ ಮೇಲೆಯೇ ಇತ್ತು. ಅಲ್ಲಿನ ಜನರಿಗಾಗಿ ಹೊಸ ಊರು ಕಟ್ಟಬೇಕಿತ್ತು. ಫಾತಿ ಮಣ್ಣಿನ ಮನೆ, ಮಸೀದಿ, ಶಾಲೆ, ಮಾರುಕಟ್ಟೆಗಳನ್ನು ಕಟ್ಟಿಸಿದರು. ಊರು ಸುಂದರವಾಗಿತ್ತು. ಆದರೆ ಹೆಚ್ಚಿನವರು ಅಲ್ಲಿಗೆ ಬರಲೊಪ್ಪಲಿಲ್ಲ! ತಮ್ಮ ಮನೆ, ಜೀವನೋಪಾಯ ಬಿಟ್ಟು ಬರಲು ಅವರಿಗೆ ಇಷ್ಟವಿರಲಿಲ್ಲ. ಜೊತೆಗೆ ಗುಮ್ಮಟದ ಚಾವಣಿ ಅವರಿಗೆ ಗೋರಿಗಳನ್ನು ನೆನಪಿಸುತ್ತಿತ್ತು. ಕೆಲಸ ಅರ್ಧಕ್ಕೇ ನಿಂತಿತು. ಮನೆ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಇರುವವರ ಮನಸ್ಸು ಒಪ್ಪಬೇಕಲ್ಲವೇ?

ಫಾತಿ ಎದೆಗುಂದಲಿಲ್ಲ. 1964ರಲ್ಲಿ ಕೈರೋದಲ್ಲಿ ಒಂದು ಪ್ರಯೋಗ ನಡೆಯಿತು. ದಪ್ಪ ಮಣ್ಣಿನ ಇಟ್ಟಿಗೆಯ ಕೋಣೆ ಮತ್ತು ತೆಳು ಕಾಂಕ್ರೀಟ್ ಹಲಗೆಗಳ ಕೋಣೆಯ ಉಷ್ಣತೆಯನ್ನು ಅಳೆಯಲಾಯಿತು. ಕಾಂಕ್ರೀಟ್ ಕೋಣೆ 36 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿತು. ಮಣ್ಣಿನ ಕೋಣೆಯಲ್ಲಿ ಇಡೀ ದಿನದಲ್ಲಿ ಆದ ಏರಿಳಿತ ಸುಮಾರು 2 ಡಿಗ್ರಿ ಮಾತ್ರ! ದಪ್ಪ ಗೋಡೆ ಹಗಲಿನ ಶಾಖವನ್ನು ಹೀರಿಕೊಂಡು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಅಷ್ಟರಲ್ಲಿ ತಂಪಾದ ರಾತ್ರಿ ಬಂದಿರುತ್ತದೆ.

ಗೂರ್ನಾದ ಸೋಲನ್ನೂ ಮುಚ್ಚಿಡದೆ ಫಾತಿ ಪುಸ್ತಕ ಬರೆದರು. ಅದನ್ನು ಓದಿದ ಹಲವು ದೇಶಗಳ ವಾಸ್ತುಶಿಲ್ಪಿಗಳು ಮಣ್ಣಿನತ್ತ ತಿರುಗಿ ನೋಡಿದರು. 1980ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. 1989ರಲ್ಲಿ ಅವರು ಕೈರೋದಲ್ಲಿ ನಿಧನರಾದರು.

ನೀವೂ ಮಾಡಿ ನೋಡಿ: ಶಾಲೆಯ ಉಷ್ಣತಾಮಾಪಕದಿಂದ ನಿಮ್ಮೂರಿನ ಒಂದು ಮಣ್ಣಿನ ಮನೆ ಮತ್ತು ಒಂದು ತಾರಸಿ ಮನೆಯ ಒಳಗಿನ ಉಷ್ಣತೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆದು ಬರೆದುಕೊಳ್ಳಿ. ಯಾವ ಮನೆ ಇಷ್ಟ, ಏಕೆ ಎಂದು ಮನೆಯವರನ್ನೂ ಕೇಳಿ. ಎರಡನ್ನೂ ತರಗತಿಯಲ್ಲಿ ಚರ್ಚಿಸಿ.