ಗಿಟಾರ್ ನುಡಿಸಲು ಬಾರದ ಗಿಟಾರ್ ತಯಾರಕ

ಮಕ್ಕಳೇ, ಗಣೇಶ ಹಬ್ಬದ ಆರ್ಕೆಸ್ಟ್ರಾದಲ್ಲಿ ನಾಲ್ಕೇ ದಪ್ಪ ತಂತಿಗಳಿರುವ ಉದ್ದ ಕತ್ತಿನ ಗಿಟಾರನ್ನು ನೋಡಿದ್ದೀರಾ? ಅದರ ತಗ್ಗು ದನಿ ಕಿವಿಗಷ್ಟೇ ಅಲ್ಲ, ಎದೆಗೂ ತಾಗುತ್ತದೆ. ಅದೇ ಎಲೆಕ್ಟ್ರಿಕ್ ಬೇಸ್ ಗಿಟಾರ್. ಅದನ್ನು ಜಗತ್ತಿನಲ್ಲೆಲ್ಲ ಬಳಕೆಗೆ ತಂದವರು ಅಮೆರಿಕದ ಲಿಯೋ ಫೆಂಡರ್. ಆದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಹಾಗಾದರೆ ಗಿಟಾರ್ ಮಾಡಿದ್ದು ಹೇಗೆ? ಬನ್ನಿ, ಅವರ ಕಥೆ ಓದೋಣ.

ಕಿತ್ತಳೆ ತೋಟದ ಹುಡುಗ

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದಲ್ಲಿ. ತಂದೆ ತಾಯಿ ಕಿತ್ತಳೆ ತೋಟದ ರೈತರು. ಎಂಟನೆಯ ವಯಸ್ಸಿನಲ್ಲಿ ಲಿಯೋ ಎಡಗಣ್ಣನ್ನು ಕಳೆದುಕೊಂಡ. ಆ ಜಾಗಕ್ಕೆ ಗಾಜಿನ ಕಣ್ಣು ಬಂತು. ಆದರೂ ಹುಡುಗನ ಕುತೂಹಲ ಕುಗ್ಗಲಿಲ್ಲ.

ಹತ್ತಿರದ ಬಂಧುವೊಬ್ಬರು ವಾಹನಗಳ ವಿದ್ಯುತ್ ಭಾಗಗಳನ್ನು ದುರಸ್ತಿ ಮಾಡುವ ಅಂಗಡಿ ಇಟ್ಟಿದ್ದರು. ಲಿಯೋಗೆ 13 ವರ್ಷವಾದಾಗ ಅವರು ಒಂದು ಪೆಟ್ಟಿಗೆ ತುಂಬ ರೇಡಿಯೊ ಬಿಡಿಭಾಗಗಳನ್ನು ಕಳುಹಿಸಿದರು. ಮುಂದೆ ಅವರ ಅಂಗಡಿಗೆ ಹೋದಾಗ, ಅವರೇ ಜೋಡಿಸಿದ ರೇಡಿಯೊ ಜೋರಾಗಿ ಹಾಡುವುದನ್ನು ಲಿಯೋ ಕೇಳಿದ. ಅಂದಿನಿಂದ ಬಿಚ್ಚುವುದು, ನೋಡುವುದು, ಮತ್ತೆ ಜೋಡಿಸುವುದೇ ಅವನ ಹವ್ಯಾಸವಾಯಿತು.

ಕಾಲೇಜಿನಲ್ಲಿ ಲಿಯೋ ಓದಿದ್ದು ಲೆಕ್ಕಪತ್ರ. ಎಲೆಕ್ಟ್ರಾನಿಕ್ಸನ್ನು ತಾವಾಗಿಯೇ ಕಲಿತರು. ಕೆಲವು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿದರು. ಆ ಕೆಲಸ ಹೋದಾಗ 600 ಡಾಲರ್ ಸಾಲ ಮಾಡಿ, 1938ರಲ್ಲಿ ಫುಲ್ಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು.

ದೂರು ಕೇಳುವ ಕಿವಿ

ಅಂಗಡಿಗೆ ಸಂಗೀತಗಾರರೂ ಬರುತ್ತಿದ್ದರು. ಒಬ್ಬರಿಗೆ ಧ್ವನಿವರ್ಧಕದ ತೊಂದರೆ, ಇನ್ನೊಬ್ಬರಿಗೆ ಗಿಟಾರಿನ ತೊಂದರೆ. ಫೆಂಡರ್ ತಾಳ್ಮೆಯಿಂದ ಕೇಳುತ್ತಿದ್ದರು. ಎಲ್ಲಿ ಕೆಟ್ಟಿದೆ, ಏಕೆ ಕೆಟ್ಟಿದೆ, ಮತ್ತೆ ಕೆಡದಂತೆ ಮಾಡುವುದು ಹೇಗೆ ಎಂದು ಯೋಚಿಸುತ್ತಿದ್ದರು. ಹೀಗೆ ರಿಪೇರಿಯಿಂದ ತಯಾರಿಕೆಗೆ ಇಳಿದರು. 1946ರ ಹೊತ್ತಿಗೆ ಅವರದೇ ಕಂಪನಿ ಆರಂಭವಾಯಿತು.

ಆಗ ವಾದ್ಯಮೇಳಗಳಲ್ಲಿ ತಗ್ಗು ಸ್ವರಕ್ಕೆ ಡಬಲ್ ಬೇಸ್ ಎಂಬ ವಾದ್ಯವಿತ್ತು. ಅದು ಆಳೆತ್ತರದ ಪಿಟೀಲಿನಂತೆ ಕಾಣುತ್ತದೆ. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ. ಡ್ರಮ್ಸಿನ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಅದರಲ್ಲಿ ವೀಣೆಯಂತೆ ಮೆಟ್ಟಿಲುಗಳೂ ಇಲ್ಲ. ಬೆರಳು ಸ್ವಲ್ಪ ತಪ್ಪಿದರೂ ಸ್ವರ ತಪ್ಪುತ್ತದೆ.

1951ರಲ್ಲಿ ಫೆಂಡರ್ ಇದಕ್ಕೆ ಪರಿಹಾರ ತಂದರು. ಟೊಳ್ಳು ಡಬ್ಬಿಯ ಬದಲು ಗಟ್ಟಿ ಮರದ ಹಲಗೆ, ಅದರ ಮೇಲೆ ನಾಲ್ಕು ಉಕ್ಕಿನ ತಂತಿ, ಕತ್ತಿನ ಮೇಲೆ 20 ಲೋಹದ ಮೆಟ್ಟಿಲು. ತಂತಿಯ ಕಂಪನವನ್ನು ಕಾಂತ ಮತ್ತು ತಾಮ್ರದ ಸುರುಳಿ ವಿದ್ಯುತ್ತಾಗಿ ಬದಲಿಸುತ್ತವೆ. ಧ್ವನಿವರ್ಧಕ ಅದನ್ನು ಜೋರು ಮಾಡುತ್ತದೆ. ಮೆಟ್ಟಿಲುಗಳಿಂದ ಸ್ವರ ನಿಖರವಾಗುವುದರಿಂದ ಈ ವಾದ್ಯಕ್ಕೆ ಪ್ರಿಸಿಶನ್ ಬೇಸ್ ಎಂದು ಹೆಸರಿಟ್ಟರು. ಪ್ರಿಸಿಶನ್ ಎಂದರೆ ನಿಖರತೆ. ಆದರೆ ನಿಖರತೆಯ ಕೆಲಸ ಇನ್ನೂ ಮುಗಿದಿರಲಿಲ್ಲ!

ಕುದುರೆಯ ಗುಟ್ಟು

ವೀಣೆಯ ತಂತಿಗಳು ಹಾದುಹೋಗುವ ಪುಟ್ಟ ಪೀಠಕ್ಕೆ ಕುದುರೆ ಎನ್ನುತ್ತೇವೆ. ಗಿಟಾರಿನಲ್ಲಿ ಅದೇ ಕೆಲಸ ಮಾಡುವ ಭಾಗ ಬ್ರಿಜ್. ಬ್ರಿಜ್ ಮೇಲೆ ತಂತಿ ಕೂರುವ ತುಂಡಿಗೆ ಸ್ಯಾಡಲ್ ಎಂದು ಹೆಸರು. ಸ್ಯಾಡಲ್ ಎಂದರೆ ಜೀನು. ಕುದುರೆಗೆ ತಕ್ಕ ಜೀನು, ಅಲ್ಲವೇ?

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಉದ್ದ ಸುಮಾರು 86 ಸೆಂ.ಮೀ. 12ನೇ ಮೆಟ್ಟಿಲಿನಲ್ಲಿ ಒತ್ತಿದರೆ ಕಂಪಿಸುವ ಉದ್ದ ಅರ್ಧವಾಗುತ್ತದೆ. ಕಂಪನಗಳು ಇಮ್ಮಡಿಯಾಗಿ 82 ಆಗಬೇಕು. ಆದರೆ ಒತ್ತುವಾಗ ತಂತಿ ತುಸು ಹಿಗ್ಗುತ್ತದೆ, ಬಿಗಿ ಹೆಚ್ಚುತ್ತದೆ, ಸ್ವರ ಕೊಂಚ ಮೇಲೇರುತ್ತದೆ. ಇದನ್ನು ಸರಿದೂಗಿಸಲು ಸ್ಯಾಡಲನ್ನು ಕೆಲವು ಮಿ.ಮೀ. ಹಿಂದಕ್ಕೆ ಸರಿಸಿ ತಂತಿಯ ಉದ್ದವನ್ನು ಹೆಚ್ಚಿಸಬೇಕು. ಎಷ್ಟು ಸರಿಸಬೇಕು ಎಂಬುದು ಪ್ರತಿ ತಂತಿಗೂ ಬೇರೆ ಬೇರೆ.

ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಮೇಣ ಬಿಡಿಸಿ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಬಡಿದು ಕೂರಿಸಿರುತ್ತಾರೆ, ಅವು ಸರಿಯುವುದಿಲ್ಲ. ಆದ್ದರಿಂದ ಕುದುರೆಯೇ ಸರಿಯಬೇಕು!

1951ರ ಬೇಸ್‌ನಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್ ಇದ್ದವು. ಎರಡು ತಂತಿಗೆ ಒಂದು. ಒಂದು ತಂತಿಯನ್ನು ಸರಿಮಾಡಿದರೆ ಜೊತೆಯ ತಂತಿ ತಪ್ಪುತ್ತಿತ್ತು. 1957ರಲ್ಲಿ ಬಂದ ಹೊಸ ಬ್ರಿಜ್‌ನಲ್ಲಿ ನಾಲ್ಕು ತಂತಿಗೆ ನಾಲ್ಕು ಉಕ್ಕಿನ ಸ್ಯಾಡಲ್ ಬಂದವು. ಸ್ಕ್ರೂ ತಿರುಗಿಸಿ ಪ್ರತಿಯೊಂದನ್ನೂ ಹಿಂದೆ ಮುಂದೆ, ಮೇಲೆ ಕೆಳಗೆ ಮಾಡಬಹುದಾಯಿತು.

ಕುದುರೆ ಕೆಟ್ಟರೆ?

ಇಂದಿಗೂ ರಿಪೇರಿಗಾರರು ಈ ತತ್ವವನ್ನೇ ಬಳಸುತ್ತಾರೆ. ಸ್ವರ ತಪ್ಪಿದರೆ ಮೊದಲು ಹಳೆಯ ತಂತಿ ಬದಲಿಸಿ ನೋಡುತ್ತಾರೆ. ಏಕೆಂದರೆ ಸವೆದ ತಂತಿಯೂ ಸ್ವರ ಕೆಡಿಸುತ್ತದೆ. ಆಮೇಲೆ 12ನೇ ಮೆಟ್ಟಿಲಿನ ಸ್ವರ ಪರೀಕ್ಷಿಸುತ್ತಾರೆ. ಅದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸ್ಯಾಡಲ್ ತೀರ ತಗ್ಗಾದರೆ ತಂತಿ ಮೆಟ್ಟಿಲಿಗೆ ತಾಗಿ ಜುಂಯ್ ಎನ್ನುತ್ತದೆ. ಆಗ ಅದನ್ನು ತುಸು ಎತ್ತುತ್ತಾರೆ.

ಸ್ಕ್ರೂ ತುಕ್ಕು ಹಿಡಿದು ತಿರುಗದಿದ್ದರೆ ಮಾತ್ರ ಹೊಸ ಬ್ರಿಜ್. ಅದನ್ನು ಆರಿಸುವಾಗ ಹೊಳಪು ನೋಡಿದರೆ ಸಾಲದು, ಅಳತೆ ನೋಡಬೇಕು. ಸ್ಕ್ರೂ ತೂತುಗಳು ಹಳೆಯ ತೂತುಗಳಿಗೆ ಹೊಂದಬೇಕು. ತಂತಿಗಳ ನಡುವಿನ ಅಂತರ ಹೊಂದಬೇಕು. ಎಷ್ಟೋ ಬೇಸ್ ಗಿಟಾರುಗಳಲ್ಲಿ ಇದು ಸುಮಾರು 19 ಮಿ.ಮೀ. ಎತ್ತರವೂ ಸರಿಯಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೆಲೆಬಾಳುವ ಬ್ರಿಜ್ ಕೆಲಸಕ್ಕೆ ಬಾರದು.

ಮತ್ತೆ ಮೊದಲಿನಿಂದ

1950ರ ದಶಕದಲ್ಲಿ ಫೆಂಡರ್ ಅವರಿಗೆ ಸೈನಸ್ ಸೋಂಕು ತಗುಲಿ ವರ್ಷಗಟ್ಟಲೆ ಕಾಡಿತು. ಇನ್ನು ಹೆಚ್ಚು ದಿನ ಬದುಕಲಾರೆನೆಂದು ಅವರು ನಂಬಿದರು. 1965ರಲ್ಲಿ ತಮ್ಮ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಆಮೇಲೆ ಬೇರೆ ವೈದ್ಯರ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಯಿತು! ಆದರೆ ಕಂಪನಿ ಕೈಬಿಟ್ಟಿತ್ತು, ತಮ್ಮ ಹೆಸರೂ ಅದರೊಡನೆ ಹೋಗಿತ್ತು.

ಬೇಕಾದಷ್ಟು ಹಣವಿತ್ತು. ಸುಮ್ಮನೆ ಕೂರಬಹುದಿತ್ತು. ಆದರೆ ಅವರು ಮತ್ತೆ ಕೆಲಸದ ಮೇಜಿಗೆ ಮರಳಿದರು. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಗಾಗಿ ಗಿಟಾರ್ ವಿನ್ಯಾಸ ಮಾಡಿದರು. ಆನಂತರ ಗೆಳೆಯ ಜಾರ್ಜ್ ಫುಲ್ಲರ್ಟನ್ ಜೊತೆ ಸೇರಿ ಜಿ ಅಂಡ್ ಎಲ್ ಎಂಬ ಕಂಪನಿ ಕಟ್ಟಿದರು. ಅಲ್ಲಿಯೂ ಕುದುರೆಯನ್ನು ಬಿಡಲಿಲ್ಲ. ಜೋರಾಗಿ ಮೀಟಿದಾಗ ಸ್ಯಾಡಲ್‌ಗಳು ಪಕ್ಕಕ್ಕೆ ಅಲುಗಬಾರದೆಂದು, ಬದಿಯಲ್ಲಿ ಒಂದು ಪುಟ್ಟ ಸ್ಕ್ರೂ ಇಟ್ಟು ಎಲ್ಲವನ್ನೂ ಒತ್ತಿ ಹಿಡಿಯುವ ಬ್ರಿಜ್ ರೂಪಿಸಿದರು. ನರಗಳ ಕಾಯಿಲೆಯಾದ ಪಾರ್ಕಿನ್ಸನ್ಸ್ ಬಂದ ಮೇಲೂ ಕೆಲಸ ನಿಲ್ಲಿಸಲಿಲ್ಲ. 1991ರ ಮಾರ್ಚ್ 21ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಾವು ಮಾಡಿದ ವಾದ್ಯ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದಾಗಲೂ ಅದರಲ್ಲಿ ಉಳಿದ ದೋಷವನ್ನು ಹುಡುಕಿ ತಿದ್ದಿದವರು ಲಿಯೋ ಫೆಂಡರ್. ನುಡಿಸಲು ಬಾರದಿದ್ದರೂ, ನುಡಿಸುವವರ ತೊಂದರೆಯನ್ನು ಕೇಳಲು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಮಾಡಿ ನೋಡಿ

ಕಂಪಾಸ್ ಪೆಟ್ಟಿಗೆಯ ತಳದ ಭಾಗಕ್ಕೆ ಉದ್ದುದ್ದವಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿ. ತೆರೆದ ಬಾಯಿಯ ಮೇಲೆ, ಬ್ಯಾಂಡಿನ ಅಡಿಯಲ್ಲಿ, 12 ಸೆಂ.ಮೀ. ಅಂತರದಲ್ಲಿ ಎರಡು ಪೆನ್ಸಿಲ್‌ಗಳನ್ನು ಅಡ್ಡಲಾಗಿ ಇಡಿ. ನಡುವೆ ಮೀಟಿ ಕೇಳಿ. ಈಗ ಒಂದು ಪೆನ್ಸಿಲನ್ನು ಸರಿಸಿ ಅಂತರವನ್ನು 6 ಸೆಂ.ಮೀ. ಮಾಡಿ ಮೀಟಿ. ಸ್ವರ ಏರಿತೇ, ಇಳಿಯಿತೇ? ಕೊನೆಗೆ ಪೆನ್ಸಿಲಿನ ಆಚೆ ಇರುವ ಬ್ಯಾಂಡನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದು ಮತ್ತೆ ಮೀಟಿ. ಉದ್ದ ಬದಲಾಗದಿದ್ದರೂ ಸ್ವರ ಬದಲಾಯಿತಲ್ಲ, ಏಕೆ? ಗೆಳೆಯರೊಂದಿಗೆ ಚರ್ಚಿಸಿ.