ಸೋರಿದ ಮನೆಯಿಂದ ಚಂಡೀಗಢದವರೆಗೆ: ಲೆ ಕಾರ್ಬ್ಯುಸಿಯರ್ ಬದುಕು

ಮನೆ ಕಟ್ಟಿಸುವಾಗ ಫ್ಲಾಟ್ ಟೆರೇಸ್ ಬೇಕು, ಉದ್ದುದ್ದ ಕಿಟಕಿ ಬೇಕು, ಕೆಳಗೆ ಕಂಬ ಬಿಟ್ಟು ಕಾರ್ ನಿಲ್ಲಿಸೋಕೆ ಜಾಗ ಬೇಕು ಅಂತೀವಲ್ಲ, ಇದಕ್ಕೆಲ್ಲ ಸುಮಾರು ನೂರು ವರ್ಷದ ಹಿಂದೆಯೇ ಹಟ ಹಿಡಿದವರು ಲೆ ಕಾರ್ಬ್ಯುಸಿಯರ್.

1887ರ ಅಕ್ಟೋಬರ್ 6ರಂದು ಸ್ವಿಟ್ಜರ್ಲೆಂಡಿನ ಗಡಿಯಾರ ತಯಾರಕರ ಊರೊಂದರಲ್ಲಿ ಹುಟ್ಟಿದರು. ಮೊದಲು ಕಲಿತದ್ದು ಗಡಿಯಾರದ ಮೇಲಿನ ಕೆತ್ತನೆ ಕೆಲಸ. ಆರ್ಕಿಟೆಕ್ಚರ್ ಪದವಿ ಇರಲೇ ಇಲ್ಲ.

ಪ್ಯಾರಿಸ್ ಬಳಿ ಅವರು ಕಟ್ಟಿದ ವಿಲ್ಲಾ ಸವಾಯ್ 1931ರಲ್ಲಿ ಮುಗಿಯಿತು. ನೋಡೋಕೆ ಗಾಳಿಯಲ್ಲಿ ತೇಲುವ ಬಿಳಿ ಪೆಟ್ಟಿಗೆ. ಆದ್ರೆ ಮಳೆ ಬಂದ್ರೆ ಸೋರೋದು! ಮನೆಯೊಡತಿ ಪತ್ರದ ಮೇಲೆ ಪತ್ರ ಬರೆದು ದೂರಿದರು. 1940ರಲ್ಲಿ ಯುದ್ಧದ ಹೊತ್ತಿಗೆ ಕುಟುಂಬ ಮನೆ ಬಿಟ್ಟೇ ಹೋಯಿತು. ಈಗದು ಯುನೆಸ್ಕೋ ಪಟ್ಟಿಯಲ್ಲಿದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಳಗೆ ಬಕೆಟ್ ಇಟ್ಟವರ ಕಷ್ಟ ಸುಳ್ಳಾಗಲ್ಲ.

1951ರಲ್ಲಿ ಚಂಡೀಗಢದ ಕೆಲಸ ಶುರುವಾಯಿತು. ಇಲ್ಲಿ ಹಟದ ಜೊತೆ ಲೆಕ್ಕಾಚಾರವೂ ಬಂತು. ಸುಡುವ ಬಿಸಿಲಿಗೆ ಗೋಡೆಯಾಚೆ ಕಾಂಕ್ರೀಟ್ ನೆರಳುಪಟ್ಟಿ ಇಟ್ಟರು. ದೊಡ್ಡ ಯಂತ್ರಗಳಿಲ್ಲದೆ ಕೂಲಿಕಾರರು ತಲೆ ಮೇಲೆ ಕಾಂಕ್ರೀಟ್ ಹೊತ್ತು ಹೈಕೋರ್ಟ್, ವಿಧಾನಸಭೆ ಕಟ್ಟಿದರು. ಆ ಒರಟು ಮೈಯನ್ನು ಅವರು ಮುಚ್ಚಲಿಲ್ಲ.

ಆದರೆ ನೌಕರರ ಕಡಿಮೆ ಖರ್ಚಿನ ಇಟ್ಟಿಗೆ ಮನೆ, ಕುರ್ಚಿ, ಮೇಜಿನ ಚಿಂತೆ ಹೆಚ್ಚಾಗಿ ಹೊತ್ತವರು ಅವರ ಸಂಬಂಧಿ ಪಿಯರ್ ಜಾನ್ನರೆ. ಹೆಸರು ಮಾತ್ರ ದೊಡ್ಡವರಿಗೇ ಹೋಯ್ತು.

ಕಾರ್ಬ್ಯುಸಿಯರ್ ವರ್ಷಕ್ಕೆ ಒಂದೆರಡು ಸಲ ಬಂದು ಹೋಗುತ್ತಿದ್ದರು. 1965ರ ಆಗಸ್ಟ್ 27ರಂದು ಫ್ರಾನ್ಸ್‌ನ ಕಡಲಲ್ಲಿ ಈಜುವಾಗ ತೀರಿಕೊಂಡರು. ಚಂಡೀಗಢದಲ್ಲೇ ವರ್ಷಗಟ್ಟಲೆ ಉಳಿದಿದ್ದ ಪಿಯರ್ 1967ರಲ್ಲಿ ಹೋದರು. ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಅಲ್ಲಿನ ಸುಖ್ನಾ ಕೆರೆಗೇ ಬಿಟ್ಟರು.