ಕನಸಿಗೆ ಚೌಕಟ್ಟು ಕಟ್ಟಿದವನು

ಕನಸು ಕಾಣುವುದು ಎಲ್ಲರಿಗೂ ಸಾಧ್ಯ. ಕಂಡ ಕನಸನ್ನು ಮತ್ತೊಬ್ಬರ ಕಣ್ಣಿಗೆ ಕಟ್ಟುವಂತೆ ಮಾಡುವುದು ಕೆಲವರಿಗೆ ಮಾತ್ರ ಒಲಿದ ವಿದ್ಯೆ. ಬೆಳಗೆದ್ದು ಕನಸನ್ನು ಹೇಳಹೊರಟವನ ಮಾತು ತಡವರಿಸುತ್ತದೆ. ಕೇಳುವವನಿಗೆ ಆಕಳಿಕೆ ಬರುತ್ತದೆ. ಈ ಕಷ್ಟವನ್ನು ಗೆದ್ದು, ವಾರಕ್ಕೊಂದು ಕನಸನ್ನು ವೃತ್ತಪತ್ರಿಕೆಯ ಪುಟದ ಮೇಲೆ ಇಳಿಸಿದವನು ಅಮೆರಿಕದ ಚಿತ್ರಕಾರ ವಿನ್ಸರ್ ಮೆಕೇ. ಅದ್ಭುತ ಲೋಕಗಳನ್ನೂ ಅನ್ಯಗ್ರಹಗಳನ್ನೂ ಚಿತ್ರಕಥೆಗಳಲ್ಲಿ ರಚಿಸುವವರು ಇಂದು ಅನುಸರಿಸುವ ಎಷ್ಟೋ ನಿಯಮಗಳು ಅವನ ಪುಟಗಳಲ್ಲಿ ಆಗಲೇ ಮೈದಾಳಿವೆ.

ಮೆಕೇ ಬೆಳೆದದ್ದು ಮಿಷಿಗನ್ ಸಂಸ್ಥಾನದಲ್ಲಿ. ತಂದೆ ಅವನನ್ನು ಕಳುಹಿಸಿದ್ದು ವ್ಯಾಪಾರವಿದ್ಯೆ ಕಲಿಯಲೆಂದು. ಹುಡುಗನ ಮನಸ್ಸು ಇದ್ದದ್ದು ಡೆಟ್ರಾಯಿಟ್ ನಗರದ ವಿನೋದಶಾಲೆಯಲ್ಲಿ ಬಂದವರ ಮುಖಚಿತ್ರ ಬರೆದು ನಾಲ್ಕು ಕಾಸು ಗಳಿಸುವುದರಲ್ಲಿ. ಆ ದಿನಗಳಲ್ಲೇ ಜಾನ್ ಗುಡಿಸನ್ ಎಂಬ ಅಧ್ಯಾಪಕ ಅವನಿಗೆ ದೂರ ಸಮೀಪಗಳನ್ನು ರೇಖೆಯಲ್ಲಿ ತೋರುವ ಶಾಸ್ತ್ರವನ್ನು ಬಿಗಿಯಾಗಿ ಕಲಿಸಿದನು. ಮುಂದೆ ಸಿನ್ಸಿನಾಟಿಯಲ್ಲಿ ವಿನೋದಶಾಲೆಗಳ ಭಿತ್ತಿಪತ್ರಗಳನ್ನು ಬರೆದು, ಪತ್ರಿಕೆಗಳಲ್ಲಿ ದುಡಿದು, 1903ರಲ್ಲಿ ಅವನು ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯನ್ನು ಸೇರಿದನು.

1905ರ ಅಕ್ಟೋಬರ್ 15ರಂದು 'ಲಿಟ್ಲ್ ನೀಮೋ' ಮಾಲೆ ಆರಂಭವಾಯಿತು. ನಾಯಕನಾದ ಬಾಲಕನಿಗೆ ಮೆಕೇಯ ಮಗ ರಾಬರ್ಟನೇ ಮಾದರಿ. ನೀಮೋ ನಿದ್ರಾಲೋಕಕ್ಕೆ ಹೊರಡುತ್ತಾನೆ. ಏನೋ ಒಂದು ಅವಘಡವಾಗುತ್ತದೆ. ಕೊನೆಯ ಪುಟ್ಟ ಚೌಕಟ್ಟಿನಲ್ಲಿ ಹಾಸಿಗೆಯ ಮೇಲೋ ನೆಲದ ಮೇಲೋ ಎಚ್ಚೆತ್ತುಕೊಳ್ಳುತ್ತಾನೆ. ಕಥೆ ಇಷ್ಟೇ. ಹೀಗಿದ್ದರೂ ಆ ಪುಟಗಳು ಹಳಸಲಿಲ್ಲ. ಏಕೆ?

ಮೊದಲನೆಯದಾಗಿ, ಮೆಕೇಗೆ ಚೌಕಟ್ಟು ಬರಿಯ ಗಡಿರೇಖೆಯಲ್ಲ. ಅದು ಅರ್ಥದ ಅಂಗ. 1908ರ ಜುಲೈ 26ರ ಪುಟದಲ್ಲಿ ನೀಮೋವಿನ ಮಂಚದ ಕಾಲುಗಳು ಬೆಳೆದು, ಅದು ನಗರದ ಮನೆಗಳ ಮೇಲೆ ನಡೆಯತೊಡಗುತ್ತದೆ. ಕಾಲು ನೀಳವಾದಂತೆ ಚೌಕಟ್ಟೂ ನೀಳವಾಗುತ್ತದೆ. ಓದುಗನ ಕಣ್ಣು ಮಾತಿನ ನೆರವಿಲ್ಲದೆಯೇ ಎತ್ತರವನ್ನು ಅನುಭವಿಸುತ್ತದೆ. ನಮ್ಮ ಆಲಂಕಾರಿಕರು ಔಚಿತ್ಯವೆಂದದ್ದು ಇಂಥದನ್ನೇ ಅಲ್ಲವೆ?

ಎರಡನೆಯದು, ಅಸಂಭವಕ್ಕೆ ಸಂಭವದ ಆಧಾರ. ಅವನ ಅರಮನೆಯ ಕಂಬಗಳು, ಮೆಟ್ಟಿಲುಗಳು, ಕಮಾನುಗಳು ಶಿಲ್ಪಿಯ ನಕ್ಷೆಯಷ್ಟು ಖಚಿತ. ನೆಲ ಗಟ್ಟಿಯಾಗಿರುವುದರಿಂದಲೇ ಅದರ ಮೇಲೆ ನಡೆವ ವಿಚಿತ್ರವನ್ನು ನಾವು ನಂಬುತ್ತೇವೆ. ಎಲ್ಲವೂ ಮಸಕಾಗಿದ್ದರೆ ಅದ್ಭುತಕ್ಕೆ ಎಡೆಯಿಲ್ಲ, ಉಳಿಯುವುದು ಗೊಂದಲ. ಮೂರನೆಯದು, ಕ್ರಮ. ದೃಷ್ಟಿಯ ನೆಲೆಯನ್ನು ಕದಲಿಸದೆ, ಚೌಕಟ್ಟಿನಿಂದ ಚೌಕಟ್ಟಿಗೆ ಒಂದೊಂದೇ ಬದಲಾವಣೆಯನ್ನು ತಂದು, ರೂಪಾಂತರವನ್ನು ನಮ್ಮ ಕಣ್ಣೆದುರಿಗೇ ನಡೆಸುತ್ತಾನೆ. ದಪ್ಪ ಹೊರರೇಖೆಯೊಳಗೆ ಸಮತಲವಾಗಿ ತುಂಬಿದ ಬಣ್ಣಗಳು ತುಂಬಿ ತುಳುಕುವ ಪುಟವನ್ನೂ ಸ್ಪಷ್ಟವಾಗಿರಿಸುತ್ತವೆ. 1910ರಲ್ಲಿ ನೀಮೋ ವಾಯುನೌಕೆಯೇರಿ ಮಂಗಳಗ್ರಹಕ್ಕೆ ಹೋದಾಗಲೂ ಇದೇ ಶಿಸ್ತು ಕೈಬಿಡಲಿಲ್ಲ.

ದೋಷವಿಲ್ಲವೆಂದಲ್ಲ. ಮಾತಿನ ಗುಳ್ಳೆಗಳು ಚಿತ್ರ ಮುಗಿದಮೇಲೆ ಉಳಿದ ಎಡೆಯಲ್ಲಿ ತುರುಕಿದಂತಿವೆ. ಆಫ್ರಿಕದ ಬಾಲಕನನ್ನು ಅವನು ಕಾಡುಮನುಷ್ಯನೆಂಬಂತೆ ಚಿತ್ರಿಸಿದ್ದು ಅಂದಿನ ಸಮಾಜದ ಪೂರ್ವಗ್ರಹವನ್ನು ಪ್ರಶ್ನಿಸದೆ ಒಪ್ಪಿಕೊಂಡದ್ದರ ಫಲ. ಕಲ್ಪನೆ ಎಷ್ಟು ದೂರ ಹಾರಿದರೂ ಹೃದಯ ತನ್ನ ಕಾಲದ ಬೇಲಿಯೊಳಗೇ ಉಳಿಯಬಹುದೆಂಬುದಕ್ಕೆ ಇದು ಸಾಕ್ಷಿ.

ಚಿತ್ರದಿಂದ ಚಿತ್ರಕ್ಕೆ ರೂಪವನ್ನು ಬದಲಿಸುತ್ತಿದ್ದವನು ಚಲನಚಿತ್ರಕ್ಕೆ ಕೈಹಾಕಿದ್ದು ಸಹಜವೇ. 1911ರಲ್ಲಿ ನೀಮೋವನ್ನು ತೆರೆಯ ಮೇಲೆ ಆಡಿಸಿದನು. 1914ರ 'ಗರ್ಟಿ' ಎಂಬ ದೈತ್ಯೋರಗದ ಚಿತ್ರಕ್ಕೆ ಸುಮಾರು 10,000 ಚಿತ್ರಗಳು ಬೇಕಾದವು. ಪ್ರತಿಯೊಂದರಲ್ಲೂ ಹಿನ್ನೆಲೆಯ ಬಂಡೆ ಮರಗಳನ್ನು ಮತ್ತೆ ಬರೆಯಬೇಕಾಗಿತ್ತು. ರಂಗದ ಮೇಲೆ ಚಾಟಿ ಹಿಡಿದು ಮೆಕೇ ಅಪ್ಪಣೆ ಕೊಡುವನು. ತೆರೆಯ ಮೇಲಿನ ಗರ್ಟಿ ತಲೆಬಾಗುವಳು, ಬೈದರೆ ಅಳುವಳು.

ಆದರೆ ಪ್ರಾಣಿಗೆ ಅಪ್ಪಣೆ ಕೊಟ್ಟವನಿಗೂ ಒಡೆಯನೊಬ್ಬನಿದ್ದನು. 1911ರಲ್ಲಿ ಮೆಕೇ ಹೆರಾಲ್ಡ್ ಬಿಟ್ಟು ಪತ್ರಿಕೋದ್ಯಮಿ ಹರ್ಸ್ಟ್‌ನ ಬಳಗವನ್ನು ಸೇರಿದ್ದನು. ಒಡೆಯನಿಗೆ ಬೇಕಾದದ್ದು ಕನಸಲ್ಲ, ಸಂಪಾದಕೀಯ ಲೇಖನಗಳಿಗೆ ಗಂಭೀರವಾದ ಚಿತ್ರಗಳು. ರಂಗಪ್ರದರ್ಶನಗಳಿಗೆ ಕಡಿವಾಣ ಬಿದ್ದಿತು. 1914ರಲ್ಲಿ ನೀಮೋ ನಿಂತುಹೋದನು. ಮೆಕೇ ಪ್ರತಿಭಟಿಸಿ ಹೊರನಡೆಯಲಿಲ್ಲ. ಕೈತುಂಬ ಸಂಬಳವಿತ್ತು, ನಡೆಸಬೇಕಾದ ಸಂಸಾರವಿತ್ತು. ಮತ್ತೊಬ್ಬರ ಅಭಿಪ್ರಾಯಕ್ಕೆ ಚಿತ್ರ ಬರೆಯುತ್ತ ವರ್ಷಗಳು ಸಂದವು. ಬಿಡುವು ಮಾಡಿಕೊಂಡು ಸುಮಾರು 25,000 ಚಿತ್ರಗಳಿಂದ ಲುಸಿಟೇನಿಯಾ ಹಡಗಿನ ದುರಂತವನ್ನು 1918ರಲ್ಲಿ ತೆರೆಗೆ ತಂದನು. 1924ರಿಂದ ಎರಡು ವರ್ಷ ನೀಮೋವನ್ನು ಮತ್ತೆ ಎಬ್ಬಿಸಿ ನೋಡಿದನು. ಓದುಗರ ಒಲವು ಮೊದಲಿನಂತೆ ದೊರೆಯಲಿಲ್ಲ. ಕನಸಿಗೂ ಒಂದು ಹೊತ್ತುಂಟು.

1934ರಲ್ಲಿ, ನಡೆದಾಡುವ ಮಂಚದ ಪುಟ ಅಚ್ಚಾದ ಅದೇ ಜುಲೈ 26ರಂದು, ಮೆಕೇ ತೀರಿಕೊಂಡನು. ಅವನ ಎಷ್ಟೋ ಮೂಲಚಿತ್ರಗಳು ಬೆಂಕಿಗೂ ಅಲಕ್ಷ್ಯಕ್ಕೂ ತುತ್ತಾದವು. ಮರುದಿನ ರದ್ದಿಯಾಗುವ ಕಾಗದದ ಮೇಲೆ ಬರೆದ ಕಲೆಗೆ ಬೇರೆ ಗತಿಯೇನೆಂದು ಜನ ಬಗೆದಿದ್ದರೇನೋ. ಆದರೂ ಉಳಿದ ಪುಟಗಳನ್ನು ತೆರೆದರೆ ಮಂಚ ಇಂದಿಗೂ ಕಾಲೆತ್ತಿ ನಡೆಯುತ್ತದೆ. ಸಂಬಳ ತಂದ ಸಂಪಾದಕೀಯ ಚಿತ್ರಗಳನ್ನು ಇಂದು ಹುಡುಕಿ ನೋಡುವವರು ವಿರಳ. ಒಡೆಯನಿಗೆ ಬೇಡವಾದ ಕನಸೇ ಅವನನ್ನು ಉಳಿಸಿತು.